ಹಾಲು ಕಾಯಿಸಿದರೆ ಸಾಕೆ?

ಹಾಲು ಕಾಯಿಸಿಬಿಟ್ಟರೆ ಎಲ್ಲ ದೋಷವೂ ಹೋಯಿತು ಅಂತ ನಾನೂ ನಂಬಿದ್ದೆ. ಒಂದು ಬೆಳಿಗ್ಗೆ ಇಲಕಲ್ಲಿನ ನಮ್ಮ ಮನೆಗೆ ಹಾಲು ಹಾಕುವಾಕೆ ಬರಿಗೈಲಿ ಬಂದಳು.

"ಎಮ್ಮಿಗೆ ಕೆಚ್ಚಲಬಾವು ಆಗೇತ್ರೀ ಅಕ್ಕಾರ. ಇಂಜೆಕ್ಷನ್ ಮಾಡಿಸೀನಿ. ಹಾಲು ಮಾರಬ್ಯಾಡ ಅಂದಾರ ಡಾಕ್ಟರು."

"ಕಾಸಿದರ ಆತಲ್ಲವ್ವಾ!" ಅಂದೆ. ನನ್ನ ತಿಳಿವಳಿಕೆ ಅಷ್ಟೇ!

ಕುದಿಸಿದರೆ ರೋಗಾಣು ಸಾಯುತ್ತವೆ. ಹಾಲಿಗಿಳಿದ ಔಷಧ ಪೂರ್ತಿ ಹೋಗುವುದಿಲ್ಲ. ಪೆನಿಸಿಲಿನ್ ಒಗ್ಗದವರಿಗೆ ಅದು ಅಪಾಯ. 2012ರ ಕೇಂದ್ರ ನಿಯಮದಂತೆ, ಔಷಧಕ್ಕೆ ಬೇರೆ ಅವಧಿ ಗೊತ್ತುಮಾಡಿರದಿದ್ದರೆ ಹಾಲು, ಮೊಟ್ಟೆಗೆ ಕನಿಷ್ಠ 7 ದಿನ, ಕೋಳಿ-ಕುರಿ ಮಾಂಸಕ್ಕೆ 28 ದಿನ ಕಾಯಬೇಕು.

ಆ ದಿನಗಳ ನಷ್ಟವೆಲ್ಲ ಅವಳದೇ. ನಿಜ ಹೇಳಿದವಳನ್ನು ಬಿಟ್ಟು ಬೇರೆಯವರನ್ನು ಹಿಡಿದರೆ ಮುಂದೆ ಯಾರು ನಿಜ ಹೇಳಿಯಾರು? ಡಾಕ್ಟರು ಹೇಳಿದ ದಿನ ಮುಗಿಯುವತನಕ ಪಾಕೀಟು ಹಾಲು ತಂದೆ. ಆಮೇಲೆ ಮತ್ತೆ ಅವಳದೇ ಹಾಲು. ನೀವೂ ಕೇಳಿ, ನಿಜ ಹೇಳಿದವಳ ಕೈಬಿಡಬೇಡಿ.