ಮಹಡಿ ಖಾಲಿ, ಮೆಟ್ಟಿಲು ಎಲ್ಲಿ?

ಕೆಳಗೆ ಅಂಗಡಿ, ಮೇಲೆ ಮನೆ. ಬೆಂಗಳೂರಿನ ಹಳೆಯ ಪೇಟೆ ಬೆಳೆದದ್ದೇ ಹಾಗೆ. ನೆದರ್ಲೆಂಡ್ಸ್‌ನ ಹಳೆಯ ಊರುಗಳೂ ಹಾಗೆಯೇ ಬೆಳೆದವು. ಆದ್ದರಿಂದ ವಿಶ್ವವಿದ್ಯಾಲಯದ ಊರಾದ ವಾಗೆನಿಂಗನ್‌ನಲ್ಲಿ ಬಾಡಿಗೆ ಕೋಣೆ ಸಿಗದೆ ಅಲೆಯುವ ವಿದ್ಯಾರ್ಥಿ, ಹೋಖ್‌ಸ್ಟ್ರಾಟ್ ಎಂಬ ಅಂಗಡಿ ಬೀದಿಯಲ್ಲಿ ಕತ್ತಲಾದ ಮೇಲೂ ದೀಪ ಹತ್ತದ ಮಹಡಿಯನ್ನು ಕಂಡರೆ ಸಿಟ್ಟಾಗುವುದು ಸಹಜ. ಮಾಲೀಕ ದುರಾಸೆಯಿಂದ ಬೀಗ ಹಾಕಿದ್ದಾನೆ, ಬಚ್ಚಲು, ಅಡುಗೆಮನೆ ಕೂಡಿಸಿದರೆ ಲಾಫ್ಟ್ ಮನೆ ಸಿದ್ಧ ಎಂಬ ನಂಬಿಕೆ ಹುಟ್ಟುವುದು ಅಲ್ಲಿಂದಲೇ. ಸಿಟ್ಟು ನ್ಯಾಯವಾದದ್ದು, ದೇಶದಲ್ಲಿ ಸುಮಾರು 4 ಲಕ್ಷ ಮನೆಗಳ ಕೊರತೆಯಿದೆ ಎಂದು 2024ರ ಅಂದಾಜು ಹೇಳುತ್ತದೆ. ಆದರೆ ಕಾರಣ ಬೇರೆ.

ತೊಡಕು ಇರುವುದು ಬಹುಮಟ್ಟಿಗೆ ಮೇಲಲ್ಲ, ಕೆಳಗೆ. ಬೀದಿಯತ್ತ ಮುಖ ಮಾಡಿದ ಒಂದೊಂದು ಅಡಿಯೂ ವ್ಯಾಪಾರಕ್ಕೆ ಬೆಲೆಯುಳ್ಳದ್ದು. ಹಾಗಾಗಿ ಕಿರಿದಾದ ಕಟ್ಟಡಗಳಲ್ಲಿ ಮಹಡಿಗೆ ಹೋಗುವ ಪಕ್ಕದ ಬಾಗಿಲನ್ನೂ ಮೆಟ್ಟಿಲನ್ನೂ ಕಿತ್ತು ಅಂಗಡಿಯನ್ನು ಅಗಲ ಮಾಡಿದ್ದು ಡಚ್ ಪೇಟೆಗಳಲ್ಲಿ ಸಾಮಾನ್ಯ. ಈಗ ಮೇಲಕ್ಕೆ ದಾರಿಯಿರುವುದು ಅಂಗಡಿಯ ಒಳಗಿಂದ ಮಾತ್ರ. ಅಂಗಡಿ ಮುಚ್ಚಿದ ಮೇಲೆ, ಬೆಂಕಿ ಬಿದ್ದಾಗ, ಮೇಲಿನವರು ಹೊರಬರುವುದು ಹೇಗೆ? ಮೆಟ್ಟಿಲನ್ನು ಮತ್ತೆ ಕಟ್ಟಿದರೆ ಅಂಗಡಿಯ ಜಾಗ ಹೋಗುತ್ತದೆ, ಅದರೊಂದಿಗೆ ಬಾಡಿಗೆಯೂ. ಇಡೀ ಕಟ್ಟಡ ಒಬ್ಬನೇ ವ್ಯಾಪಾರಿಯ ಗುತ್ತಿಗೆಯಲ್ಲಿದ್ದರೆ ಮಾಲೀಕನ ಕೈಯೂ ಕಟ್ಟಿರುತ್ತದೆ: ಡಚ್ ಕಾನೂನಿನಲ್ಲಿ ಅಂಗಡಿ ಗುತ್ತಿಗೆಯ ರೂಢಿಯ ಅವಧಿ 5 ವರ್ಷ, ಮತ್ತೆ 5 ವರ್ಷ.

ಹಾಗಾದರೆ ಕಾನೂನಿನಿಂದ ಬಲವಂತ ಮಾಡಬಾರದೇ ಎಂದು ಕೇಳಬಹುದು. ಖಾಲಿ ಕಟ್ಟಡಗಳಿಗೆ ನುಗ್ಗಿ ನೆಲೆಸುವುದನ್ನು 2010ರ ಅಕ್ಟೋಬರ್ 1ರಿಂದ ಅಪರಾಧವಾಗಿಸಿದ ಕಾಯ್ದೆಯೇ, ಆರು ತಿಂಗಳು ಮೀರಿ ಖಾಲಿಯಿರುವ ಕಟ್ಟಡಗಳ ಮಾಹಿತಿ ಕೇಳುವ ನಿಯಮ ಮಾಡಲು ಪುರಸಭೆಗಳಿಗೆ ಅವಕಾಶ ಕೊಟ್ಟಿತು. ಅದು ಒಳ್ಳೆಯದೇ. ಆದರೆ ಮಾಹಿತಿ ಕೊಟ್ಟ ಮಾತ್ರಕ್ಕೆ ಮೆಟ್ಟಿಲು ಹುಟ್ಟುವುದಿಲ್ಲ. ಮಾಸ್ಟ್ರಿಕ್ಟ್ ನಗರ ಅಂಗಡಿಗಳ ಮೇಲಿನ ಮಹಡಿಗಳನ್ನು ಮನೆಗಳಾಗಿಸಲೆಂದೇ ಒಂದು ಕಂಪನಿಯನ್ನು ಕಟ್ಟಿತು. ಅಕ್ಕಪಕ್ಕದ ಹಲವು ಮಹಡಿಗಳಿಗೆ ಹಿತ್ತಲಿನಿಂದ ಒಂದೇ ಮೆಟ್ಟಿಲು ಕೊಟ್ಟರೆ ಖರ್ಚು ಹಂಚಿಹೋಗುತ್ತದೆ. ಒಬ್ಬ ಮಾಲೀಕನಿಂದ ಆಗದ್ದು ಹೀಗೆ ಹಲವರಿಂದ ಆಗುತ್ತದೆ. ಹಾಗೆ ಕಟ್ಟಿದ ಮನೆ ಅಗ್ಗವಾಗಿರುತ್ತದೆ ಎಂಬ ಭರವಸೆಯೂ ಬೇಡ. ಬೆಂಕಿ ತಡೆಯುವ ನೆಲ, ಸದ್ದು ತಡೆಯುವ ಗೋಡೆ, ಚಳಿ ತಡೆಯುವ ಹೊದಿಕೆ, ಎಲ್ಲಕ್ಕೂ ದುಡ್ಡು ಬೇಕು. ಬಾಡಿಗೆ ವಿದ್ಯಾರ್ಥಿಗೆ ಎಟುಕಬೇಕಾದರೆ ಸಾರ್ವಜನಿಕ ನೆರವೂ ಬೇಕು. ಪುರಸಭೆ ಮೊದಲು ಮಾಡಬೇಕಾದದ್ದು ಇಷ್ಟು: ಅಂಗಡಿಯ ಮುಂಭಾಗ ಬದಲಿಸಲು ಅನುಮತಿ ಕೇಳಿ ಬಂದವರಿಗೆ, ಉಳಿದಿರುವ ಪಕ್ಕದ ಬಾಗಿಲನ್ನು ಮುಚ್ಚಲು ಬಿಡಬಾರದು.