ಬದನೆಕಾಯಿ ನಿರಪರಾಧಿ

ಚೇಳು ಕುಟುಕಿದವನು ಚೇಳನ್ನು ತೋರಿಸಬಲ್ಲನು. ಮುಳ್ಳು ತುಳಿದವನು ಮುಳ್ಳನ್ನು ಕಿತ್ತೆಸೆಯಬಲ್ಲನು. ಆದರೆ ಯಾವುದೂ ಕಚ್ಚದೆ, ಯಾವುದೂ ಚುಚ್ಚದೆ, ಹಾಸಿಗೆಯಲ್ಲಿ ಸುಮ್ಮನೆ ಮಲಗಿದ್ದವನ ಮೈಮೇಲೆ ನಡುರಾತ್ರಿಯಲ್ಲಿ ಕೆಂಪು ದದ್ದುಗಳೆದ್ದು, ಉರಿದು, ತುರಿಸಿ, ಬೆಳಗಾಗುವುದರೊಳಗೆ ಗುರುತೂ ಉಳಿಯದಂತೆ ಮಾಯವಾದರೆ ಅವನು ಯಾರನ್ನು ದೂರಬೇಕು?

ನಾನು ಬದನೆಕಾಯಿಯನ್ನು ದೂರಿದೆನು.

ಮೂರು ವರ್ಷಗಳ ಹಿಂದಿನ ಮಾತು. ಆಷಾಢದ ಒಂದು ರಾತ್ರಿ ತೊಡೆಯ ಮೇಲೆ ಎದ್ದ ನಾಲ್ಕು ದದ್ದುಗಳು ಗಂಟೆಯೊಳಗೆ ಬೆನ್ನು, ಹೊಟ್ಟೆ, ತೋಳುಗಳಿಗೆಲ್ಲ ಹರಡಿದುವು. ನಮ್ಮ ಕಡೆಯ ಮಾತಿನಲ್ಲಿ ಇದು ಪಿತ್ತದ ಗಂಧೆ. ಆಯುರ್ವೇದದ ಮಾಧವನಿದಾನವು ಶೀತಪಿತ್ತವೆಂದು ಕರೆದು, ಕಣಜ ಕಡಿದಂತಹ ಬಾವು ಎಂದು ಬಣ್ಣಿಸಿರುವುದು ಇದನ್ನೇ. ವೈದ್ಯರ ಅರ್ಟಿಕೇರಿಯ ಎಂಬ ಹೆಸರೂ ಮೈಗೆ ತಾಗಿದರೆ ಚುರುಗುಟ್ಟಿಸುವ ಗಿಡವೊಂದರ ಲ್ಯಾಟಿನ್ ಹೆಸರಿನಿಂದ ಬಂದುದು. ಹಿಂದಿನ ಸಂಜೆ ಮನೆಯಲ್ಲಿ ಎಣ್ಣೆಗಾಯಿ ಮಾಡಿದ್ದರು. ಬದನೆಕಾಯಿ ನಂಜು ಎಂಬುದು ಯಾರಿಗೆ ತಿಳಿಯದು? ವಿಚಾರಣೆಯಿಲ್ಲದೆಯೇ ತೀರ್ಪು ಹೊರಬಿದ್ದಿತು.

ಅಡಿಗೆಮನೆಯ ನ್ಯಾಯಾಲಯ

ಹತ್ತು ದಿನ ಮೈ ತಿಳಿಯಾಗಿದ್ದಿತು. ಹನ್ನೊಂದನೆಯ ದಿನ ಪುನಃ ಎದ್ದುವು. ಅಂದು ಕಡಲೆಕಾಯಿ ಚಟ್ನಿಯಾಗಿದ್ದಿತು, ಕಡಲೆಕಾಯಿಗೂ ಗಡೀಪಾರಾಯಿತು. ಅದರ ಹಿಂದೆ ತೊಗರಿ, ಹುಣಿಸೆ, ಮೊಸರು, ತೆಂಗಿನಕಾಯಿ ಒಂದೊಂದಾಗಿ ಮನೆ ಬಿಟ್ಟುವು. ದದ್ದು ಇಳಿದರೆ ಅದು ಬಿಟ್ಟ ಪದಾರ್ಥದ ಮಹಿಮೆ. ಎದ್ದರೆ ಇನ್ನೂ ಬಿಡದ ಪದಾರ್ಥದ ದ್ರೋಹ. ಇಂತಹ ತರ್ಕಕ್ಕೆ ಸೋಲೆಂಬುದೇ ಇಲ್ಲ.

ಹಿತೈಷಿಗಳಿಗೂ ಕೊರತೆಯಿರಲಿಲ್ಲ. ನೆರೆಮನೆಯ ಅಜ್ಜಿ ಕರಿಯ ಕಂಬಳಿ ಹೊದೆಸಿ ಮಲಗಿಸಿದರು, ತುರಿಕೆ ಇಮ್ಮಡಿಯಾಯಿತು. ಕರಾವಳಿಯ ಮಿತ್ರರೊಬ್ಬರು ಪುನರ್ಪುಳಿಯ ಸಿಪ್ಪೆ ಕಳುಹಿಸಿದರು. ಮತ್ತೊಬ್ಬರು ಶುಂಠಿಯ ರಸಕ್ಕೆ ಬೆಲ್ಲ ಬೆರೆಸಿ ಕುಡಿಸಿದರು. ನಾಗದೋಷವಿರಬಹುದೆಂದು ಇನ್ನೊಬ್ಬರು ಪಿಸುಗುಟ್ಟಿದರು. ಸಾಬೂನು, ಬನೀನು, ತಲೆಗೆ ಹಚ್ಚುವ ಎಣ್ಣೆ ಎಲ್ಲವೂ ಬದಲಾದುವು. ಪ್ರಯೋಗಶಾಲೆಯೊಂದಕ್ಕೆ ಸಾವಿರಾರು ರೂಪಾಯಿ ತೆತ್ತು ನೂರಕ್ಕೂ ಮಿಕ್ಕ ಆಹಾರಗಳ ಪಟ್ಟಿಯನ್ನು ತಂದೆನು. ಅದರಲ್ಲಿ ಇಪ್ಪತ್ತಾರು ಹೆಸರುಗಳ ಮುಂದೆ ಕೆಂಪು ಗುರುತಿದ್ದಿತು. ಉಳಿದುದು ಅಕ್ಕಿಯ ಗಂಜಿ ಮತ್ತು ಉಪ್ಪು. ನನ್ನ ತೂಕ ಒಂಬತ್ತು ಕಿಲೊ ಇಳಿಯಿತು.

ಆದರೆ ಕಟಕಟೆಯಲ್ಲಿ ನಿಂತಿದ್ದುದು ಕೇವಲ ಕಾಯಿಪಲ್ಯವಲ್ಲವೆಂಬುದು ನನಗೆ ತಡವಾಗಿ ಹೊಳೆಯಿತು. "ಇದಕ್ಕೆ ಏನು ಹಾಕಿದ್ದೀಯೆ?" ಎಂದು ಕೇಳದೆ ನಾನು ತುತ್ತನ್ನು ಬಾಯಿಗೆ ಇಡುತ್ತಿರಲಿಲ್ಲ. ಮೂವತ್ತು ವರ್ಷ ಅಡಿಗೆ ಮಾಡಿ ಬಡಿಸಿದ ಕೈಯನ್ನು ಹೊತ್ತುಹೊತ್ತಿಗೂ ಸಂಶಯಿಸುತ್ತಿದ್ದೆನು. ಗೌರಿಹಬ್ಬದ ದಿನ ಮಕ್ಕಳು ಹೋಳಿಗೆ ಉಣ್ಣುತ್ತಿರಲು ನಾನು ಒಂದು ಮೂಲೆಯಲ್ಲಿ ಗಂಜಿಯ ಬಟ್ಟಲು ಹಿಡಿದು ಕುಳಿತಿದ್ದೆನು. ಎಲ್ಲರಿಗೂ ಬಡಿಸಿಯಾದ ಮೇಲೆ ನನ್ನಾಕೆ ಪಕ್ಕದಲ್ಲಿ ಬಂದು ಕುಳಿತು ತಾನೂ ಗಂಜಿಯನ್ನೇ ಬಡಿಸಿಕೊಂಡಳು. ಅವಳು ಏನೂ ಆಡಲಿಲ್ಲ. ಆಡಿದ್ದರೆ ಚೆನ್ನಾಗಿದ್ದಿತು.

ನೋಟುಪುಸ್ತಕದ ಸಾಕ್ಷ್ಯ

ಹದಿನಾಲ್ಕು ತಿಂಗಳಾದ ಮೇಲೆ ಹಿರಿಯ ಚರ್ಮವೈದ್ಯರೊಬ್ಬರನ್ನು ಕಂಡೆವು. ಪ್ರಯೋಗಶಾಲೆಯ ಪಟ್ಟಿಯನ್ನು ನೋಡಿ ಅವರು ನಕ್ಕರು. "ನೀವು ಏನೇನು ತಿಂದು ಬಲ್ಲಿರಿ ಎಂಬುದನ್ನು ಇದು ಹೇಳುತ್ತದೆ, ಏನು ಒಗ್ಗದು ಎಂಬುದನ್ನಲ್ಲ" ಎಂದರು. ನನ್ನಾಕೆ ದಿನವೂ ಬರೆದಿಟ್ಟಿದ್ದ ನೋಟುಪುಸ್ತಕವನ್ನು ಮಾತ್ರ ಬಹಳ ಹೊತ್ತು ತಿರುವಿದರು. ಆಮೇಲೆ ಎರಡು ಲೆಕ್ಕಗಳನ್ನು ಮುಂದಿಟ್ಟರು. ಬಹುಪಾಲು ಎಲ್ಲವನ್ನೂ ಉಂಡ ಮೊದಲ 40 ದಿನಗಳಲ್ಲಿ ದದ್ದು ಎದ್ದುದು 19 ದಿನ. ಬರಿಯ ಗಂಜಿ ಕುಡಿದ ಕಡೆಯ 40 ದಿನಗಳಲ್ಲಿ 22 ದಿನ.

ಅವರು ವಿವರಿಸಿದುದರ ಸಾರವಿಷ್ಟು: ಆಹಾರದಿಂದಲೇ ಬರುವ ಗಂಧೆ ಸಾಮಾನ್ಯವಾಗಿ ತಿಂದ ಕೆಲವು ನಿಮಿಷಗಳಿಂದ ಎರಡು ಗಂಟೆಗಳೊಳಗಾಗಿ ಕಾಣಿಸಿಕೊಳ್ಳುತ್ತದೆ; ಅದೇ ಪದಾರ್ಥವನ್ನು ತಿಂದಾಗಲೆಲ್ಲ ಮರುಕಳಿಸುತ್ತದೆ. ಅಂತಹವರು ಆ ಪದಾರ್ಥವನ್ನು ಖಂಡಿತವಾಗಿ ವರ್ಜಿಸಬೇಕು. ಆದರೆ ಹೇಳದೆ ಕೇಳದೆ ಬಂದುಹೋಗುತ್ತ ಆರು ವಾರಗಳನ್ನು ದಾಟಿದ ಗಂಧೆಯ ಜಾತಿಯೇ ಬೇರೆ. ಚಳಿ, ಬಿಸಿಲು, ಬೆವರು, ಬಿಗಿಯಾದ ಬಟ್ಟೆಯ ಒತ್ತಡ ಕೆಲವರಲ್ಲಿ ಅದನ್ನು ಎಬ್ಬಿಸುವುದುಂಟು. ನನ್ನ ಬೆನ್ನಿನ ಮೇಲೆ ಮೊಂಡಾದ ಕಡ್ಡಿಯಿಂದ ಗೆರೆ ಎಳೆದು, ಮುಂಗೈಯ ಮೇಲೆ ಮಂಜುಗಡ್ಡೆಯಿಟ್ಟು ಅವರು ಪರೀಕ್ಷಿಸಿದರು, ಏನೂ ಏಳಲಿಲ್ಲ. ರಕ್ತದ ಕೆಲವೇ ಪರೀಕ್ಷೆಗಳನ್ನು ಬರೆದುಕೊಟ್ಟರು. ಅವುಗಳಲ್ಲಿ ಥೈರಾಯ್ಡ್ ಗ್ರಂಥಿಗೆ ಸಂಬಂಧಿಸಿದುದೂ ಒಂದು.

"ಹಾಗಾದರೆ ಕಾರಣವೇನು?" ಎಂದೆನು.

"ಹೊರಗೆ ಹುಡುಕಿದಿರಿ. ಅದು ಒಳಗಿದೆ" ಎಂದರು.

ಕೊಬ್ಬಿದ ಕಾವಲುಗಾರ

ಆ ಒಳಗಿನ ಕಥೆ ಪತ್ತೇದಾರಿ ಕಾದಂಬರಿಗಿಂತ ಸ್ವಾರಸ್ಯವಾಗಿದೆ. 1878ರಲ್ಲಿ ಜರ್ಮನಿಯ ವಿದ್ಯಾರ್ಥಿ ಪೌಲ್ ಎರ್ಲಿಖ್ ಬಣ್ಣಗಳಲ್ಲಿ ಅದ್ದಿದ ಅಂಗಾಂಶವನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದಾಗ ಕಾಳುಕಾಳಾಗಿ ತುಂಬಿಕೊಂಡ ಕೋಶಗಳನ್ನು ಕಂಡನು. ಅವು ಚೆನ್ನಾಗಿ ಉಂಡು ಕೊಬ್ಬಿದುವೆಂದು ಭಾವಿಸಿ ಆ ಅರ್ಥದಲ್ಲಿಯೇ ಮಾಸ್ಟ್ ಕೋಶಗಳೆಂದು ಹೆಸರಿಟ್ಟನು. ನಾನು ಗಂಜಿ ಕುಡಿದು ಸೊರಗುತ್ತಿದ್ದಾಗ ನನ್ನ ಚರ್ಮದೊಳಗೆ ಕೊಬ್ಬಿದವರು ಇವರು!

ಕಾಳುಗಳಲ್ಲಿ ಇದ್ದುದೇನು? 1910ರಲ್ಲಿ ಇಂಗ್ಲೆಂಡಿನ ಹೆನ್ರಿ ಡೇಲ್ ಮತ್ತು ಪ್ಯಾಟ್ರಿಕ್ ಲೇಡ್ಲಾ ಎಂಬವರು ಹಿಸ್ಟಮಿನ್ ಎಂಬ ದ್ರವ್ಯದ ಪ್ರಭಾವವನ್ನು ವಿವರಿಸಿದರು. ಅದು ಸೂಕ್ಷ್ಮ ರಕ್ತನಾಳಗಳನ್ನು ಹಿಗ್ಗಿಸುತ್ತದೆ, ಅವುಗಳ ಗೋಡೆಯಿಂದ ನೀರು ಜಿನುಗುವಂತೆ ಮಾಡುತ್ತದೆ, ನರಗಳನ್ನು ಕೆಣಕುತ್ತದೆ. ಕೆಂಪು, ಬಾವು, ತುರಿಕೆ ಮೂರೂ ಅಲ್ಲಿಗೆ ದೊರೆತಂತಾಯಿತು. ಆ ಹಿಸ್ಟಮಿನ್ ಮಾಸ್ಟ್ ಕೋಶಗಳಲ್ಲಿಯೇ ಅಡಗಿದೆಯೆಂದು 1950ರ ದಶಕದ ಆರಂಭದಲ್ಲಿ ರೈಲಿ ಮತ್ತು ವೆಸ್ಟ್ ತೋರಿಸಿದರು.

ಕೋಶವನ್ನು ಕೆಣಕುವವರು ಯಾರು? ಮೀನು ತಿಂದರೆ ಗಂಧೆ ಏಳುತ್ತಿದ್ದ ಕ್ಯೂಸ್ಟ್ನರ್ ಎಂಬ ವೈದ್ಯನ ರಕ್ತದ ದ್ರವವನ್ನು ಅವನ ಸಂಗಡಿಗ ಪ್ರೌಸ್ನಿಟ್ಸ್ ತನ್ನ ಚರ್ಮಕ್ಕೆ ಚುಚ್ಚಿಕೊಂಡು, ಮರುದಿನ ಅಲ್ಲಿಯೇ ಮೀನಿನ ಸಾರವನ್ನೂ ಚುಚ್ಚಿಕೊಂಡನು. ದದ್ದು ಎದ್ದಿತು! 1921ರಲ್ಲಿ ಪ್ರಕಟವಾದ ಈ ಸಾಹಸದಿಂದ ದೋಷವು ರಕ್ತದಲ್ಲಿ ಚಲಿಸುವ ಯಾವುದೋ ವಸ್ತುವಿನಲ್ಲಿದೆಯೆಂದು ತಿಳಿಯಿತು. 1960ರ ದಶಕದಲ್ಲಿ ಜಪಾನಿನ ಇಷಿಜಾಕ ದಂಪತಿಗಳೂ ಸ್ವೀಡನ್ನಿನ ವಿಜ್ಞಾನಿಗಳೂ ಆ ವಸ್ತುವನ್ನು ಗುರುತಿಸಿದರು. ಅದೇ ಐಜಿಇ ಎಂಬ ಪ್ರತಿಕಾಯ.

ಆದರೆ ಮೀನನ್ನೂ ಬದನೆಕಾಯಿಯನ್ನೂ ಮುಟ್ಟದವನಿಗೆ? 1993ರಲ್ಲಿ ಅದಕ್ಕೂ ಒಂದು ಉತ್ತರ ದೊರೆಯಿತು. ಬಹುಕಾಲ ಗಂಧೆಯಿಂದ ನರಳುವವರಲ್ಲಿ ಒಂದು ಪಾಲಿನವರ ದೇಹವು ತನ್ನ ಮಾಸ್ಟ್ ಕೋಶಗಳ ಮೇಲೆಯೇ ಪ್ರತಿಕಾಯಗಳನ್ನು ಹೂಡುತ್ತದೆಯೆಂದು ಸಿದ್ಧವಾಯಿತು. ಕಳ್ಳನು ಬರಲಿಲ್ಲ, ಮನೆಯವನೇ ಕಾವಲುಗಾರನನ್ನು ತಿವಿದು ಎಬ್ಬಿಸಿ ಕೂಗಿಸುತ್ತಿದ್ದನು. ಅವನು ಏಕೆ ಹಾಗೆ ಮಾಡುತ್ತಾನೆಂಬುದು ಮಾತ್ರ ಇನ್ನೂ ಪೂರ್ಣವಾಗಿ ಬಿಡಿಸದ ಒಗಟು.

ಕಾರಣಕ್ಕೆ ಕಾಯಬೇಕಿಲ್ಲ

ನಾನು ಕಲಿತ ದೊಡ್ಡ ಪಾಠವೆಂದರೆ ಕಾರಣ ಸಿಗುವವರೆಗೆ ಉಪಶಮನವನ್ನು ಮುಂದೂಡಬೇಕಿಲ್ಲವೆಂಬುದು. ಹಿಸ್ಟಮಿನ್ನನ್ನು ತಡೆಯುವ ಔಷಧಗಳ ದಾರಿಯನ್ನು 1937ರಲ್ಲಿ ಡ್ಯಾನಿಯೆಲ್ ಬೊವೆ ತೆರೆದನು. 1957ರಲ್ಲಿ ನೊಬೆಲ್ ಬಹುಮಾನ ಪಡೆದನು. ಹಳೆಯ ಗುಳಿಗೆಗಳು ತೂಕಡಿಕೆ ತರುತ್ತಿದ್ದುವು. ಈಗಿನವುಗಳಲ್ಲಿ ಆ ಬಾಧೆ ಬಹಳ ಕಡಿಮೆ. ತುರಿಕೆ ಎದ್ದಾಗ ಮಾತ್ರವಲ್ಲದೆ ದಿನವೂ ತಪ್ಪದೆ ನುಂಗುವುದು ಕ್ರಮ. ಒಂದು ಸಾಲದಿದ್ದರೆ ವೈದ್ಯರೇ ಪ್ರಮಾಣವನ್ನು ನಾಲ್ಕರಷ್ಟರವರೆಗೆ ಏರಿಸುವುದುಂಟು. ಇದನ್ನು ತಾವಾಗಿ ಮಾಡತಕ್ಕುದಲ್ಲ. ಅದಕ್ಕೂ ಬಗ್ಗದವರಿಗೆ ಐಜಿಇಯನ್ನೇ ಹಿಡಿದುಹಾಕುವ ಒಮಾಲಿಜುಮಾಬ್ ಎಂಬ ಚುಚ್ಚುಮದ್ದು 2014ರಿಂದ ಬಳಕೆಗೆ ಬಂದಿದೆ. ಅದರ ಬೆಲೆ ಮಾತ್ರ ಹೆಚ್ಚು. ಸ್ಟೆರಾಯ್ಡ್ ಗುಳಿಗೆಗಳು ಮಾಯಾಮಂತ್ರದಂತೆ ಕೆಲಸ ಮಾಡಿದರೂ ತಿಂಗಳಾನುಗಟ್ಟಲೆ ನುಂಗುವುದು ಅಪಾಯಕರ. ಆಸ್ಪಿರಿನ್ ಮತ್ತು ಅದರ ಬಳಗದ ನೋವಿನ ಗುಳಿಗೆಗಳು ಹಲವರಲ್ಲಿ ಗಂಧೆಯನ್ನು ಉಲ್ಬಣಗೊಳಿಸುತ್ತವೆ.

ಎರಡು ಎಚ್ಚರಿಕೆಗಳನ್ನು ಓದುಗರು ಮರೆಯಬಾರದು. ನಾಲಿಗೆ ಅಥವಾ ಗಂಟಲು ಊದಿದರೆ, ಉಸಿರು ಕಟ್ಟಿದರೆ, ತಲೆಸುತ್ತಿ ಬಿದ್ದರೆ ತಕ್ಷಣ ಆಸ್ಪತ್ರೆಗೆ ಧಾವಿಸಬೇಕು. ಒಂದೇ ದದ್ದು 24 ಗಂಟೆಗಳಿಗೂ ಹೆಚ್ಚಾಗಿ ಅಲ್ಲಿಯೇ ನಿಂತು, ನೋವಾಗಿ, ಕಲೆಯುಳಿಸಿದರೆ ಅದು ಬೇರೆ ರೋಗವಿರಬಹುದು, ವೈದ್ಯರಿಗೆ ತೋರಿಸಬೇಕು. ಮಿಕ್ಕಂತೆ ಈ ವ್ಯಾಧಿ ಬಹುಮಂದಿಯಲ್ಲಿ ಕೆಲವು ವರ್ಷಗಳಾದ ಮೇಲೆ, ಬಂದಂತೆಯೇ, ಹೇಳದೆ ಹೊರಟುಹೋಗುತ್ತದೆ.

ನಮ್ಮ ನೋಟುಪುಸ್ತಕವೂ ಬದಲಾಯಿತು. ವೈದ್ಯರು ಹಾಕಿಕೊಟ್ಟ ಕ್ರಮದಲ್ಲಿ ದಿನಕ್ಕೆ ದದ್ದಿಗೆ ಸೊನ್ನೆಯಿಂದ ಮೂರು ಅಂಕ, ತುರಿಕೆಗೆ ಸೊನ್ನೆಯಿಂದ ಮೂರು ಅಂಕ. ವಾರಕ್ಕೆ ಹೆಚ್ಚೆಂದರೆ 42. ಮೊದಲ ವಾರ 31 ಇದ್ದುದು ಮೂರನೆಯ ತಿಂಗಳಿಗೆ 4ಕ್ಕೆ ಇಳಿಯಿತು. ಊಟಕ್ಕೆ ಅದರಲ್ಲಿ ಅಂಕಣವೇ ಇಲ್ಲ.

ವೈದ್ಯರಲ್ಲಿಂದ ಮರಳಿದ ದಿನವೇ ಎಣ್ಣೆಗಾಯಿ ಮಾಡೆಂದು ನನ್ನಾಕೆಯನ್ನು ಕೇಳಿದ್ದೆನು. ಅವಳು ಮುಖ ನೋಡಿದಳು. "ಗಂಧೆ ಎದ್ದರೆ?"

"ಎದ್ದರೆ ಏಳಲಿ. ಅದು ನಿನ್ನ ತಪ್ಪಲ್ಲ" ಎಂದೆನು. ಬದನೆಕಾಯಿಯ ತಪ್ಪಲ್ಲ ಎನ್ನಬೇಕೆಂದಿದ್ದೆನು. ಬಾಯಿಗೆ ಬಂದುದು ಹಾಗೆ.

ಆ ರಾತ್ರಿ ಮುಂಗೈಯಲ್ಲಿ ಎರಡು ದದ್ದುಗಳು ಎದ್ದೇ ಎದ್ದುವು. ಅವಳು ಕನ್ನಡಕ ಹಾಕಿಕೊಂಡು ನೋಡಿ, ದದ್ದು ಒಂದು, ತುರಿಕೆ ಒಂದು ಎಂದು ಬರೆದು, ಪುಸ್ತಕವನ್ನು ಮುಚ್ಚಿದಳು. "ನಾಳೆಗೆ ಏನು ಮಾಡಲಿ?" ಎಂದಳು.