ಬಚ್ಚಲು ಮನೆಯೊಳಗೆ ಬಂದಾಗ

ಹೆಮ್ಮಾಡಿ ಎಂದರೆ ಸೇವಂತಿಗೆ. ಮಕರ ಸಂಕ್ರಾಂತಿಯ ಮಾರಣಕಟ್ಟೆ ಹಬ್ಬಕ್ಕೆ ಇಲ್ಲಿನ ಗದ್ದೆಗಳಿಂದಲೇ ಹೂವು ಹೋಗಬೇಕು. ಆದರೆ ಈಗೀಗ ಈ ಊರಿನ, ಸುತ್ತಲ ಊರುಗಳ ಹೊಸ ಮನೆಗಳಲ್ಲಿ ಮೂಗಿಗೆ ಬಡಿಯುವ ವಾಸನೆ ಬೇರೆ.

ಹಿಂದೆ ಬಚ್ಚಲುಮನೆ ಇರುತ್ತಿದ್ದುದು ಹಿತ್ತಿಲಲ್ಲಿ. ಒಲೆಯ ಮೇಲೆ ಹಂಡೆ, ಒಲೆಗೆ ತೆಂಗಿನ ಮಡಲು. ಮಿಂದ ನೀರು ಗೋಡೆಯ ಬುಡದ ತೂತಿನಿಂದ ಹೊರಬಿದ್ದು ತೆಂಗಿನ ಬುಡ ಸೇರುತ್ತಿತ್ತು. ಕೊಳವೆಯೂ ಇಲ್ಲ, ವಾಸನೆಯೂ ಇಲ್ಲ. ಈಗ ಬಚ್ಚಲು ಮಲಗುವ ಕೋಣೆಗೆ ಅಂಟಿಕೊಂಡಿದೆ. ಮಂಡಿನೋವಿನ ಅಜ್ಜಿಗೆ ಕಮೋಡ್ ಬೇಕು, ಮುಂಬಯಿಯಿಂದ ಬಂದ ಮಗನಿಗೆ ಬೇಸಿನ್ ಬಾಗಿಲ ಬಳಿ ಬೇಕು. ಟೈಲ್ಸಿನ ಬಣ್ಣಕ್ಕೆ ಮೂರು ದಿನ ಚರ್ಚೆ. ನೆಲದಡಿಯ ಕೊಳವೆಗೆ ಮೂರು ನಿಮಿಷವೂ ಇಲ್ಲ. ಕೆಲಸ ಮುಗಿದ ತಿಂಗಳೊಳಗೆ ನೀರು ಬಿಟ್ಟಾಗಲೆಲ್ಲ ಗುಳುಗುಳು ಸದ್ದು, ಹಿಂದೆಯೇ ನಾತ.

ಕಾರಣ ಸರಳ. ಪ್ರತಿ ಬೇಸಿನ್, ಕಮೋಡ್, ನಹಾನಿಯ ಕೆಳಗೆ ಬಾಗಿದ ಕೊಳವೆಯೊಂದಿರುತ್ತದೆ. ಅದೇ ಟ್ರ್ಯಾಪ್. ಅದರಲ್ಲಿ ಸದಾ ನಿಲ್ಲುವ ನೀರೇ ಟ್ಯಾಂಕಿನ ಗಾಳಿಯನ್ನು ಒಳಬಿಡದ ಬಾಗಿಲು. 1775ರಲ್ಲಿ ಲಂಡನ್ನಿನಲ್ಲಿದ್ದ ಅಲೆಕ್ಸಾಂಡರ್ ಕಮಿಂಗ್ ಎಂಬ ಗಡಿಯಾರ ತಯಾರಕ ಇಂಥ ಬಾಗಿದ ಕೊಳವೆಯ ಶೌಚಕ್ಕೆ ಪೇಟೆಂಟ್ ಪಡೆದ. ಈ ನೀರಿನ ಆಳ ಸಾಮಾನ್ಯವಾಗಿ 50 ಮಿಲಿಮೀಟರ್. ವಾತಾವರಣದ ಒತ್ತಡ ಸುಮಾರು 10 ಮೀಟರ್ ನೀರನ್ನು ಎತ್ತಿ ಹಿಡಿಯಬಲ್ಲದು. ಅಂದರೆ ಕೊಳವೆಯೊಳಗಿನ ಒತ್ತಡ ಇನ್ನೂರರಲ್ಲಿ ಒಂದು ಪಾಲು ಕುಸಿದರೂ ಸಾಕು, ಬಾಗಿಲು ತೆರೆದಂತೆ.

ಒತ್ತಡ ಕುಸಿಯುವುದೇಕೆ? ಎಣ್ಣೆ ಡಬ್ಬಕ್ಕೆ ಒಂದೇ ತೂತು ಕೊರೆದು ಬಗ್ಗಿಸಿ ನೋಡಿ. ಎಣ್ಣೆ ತಡವರಿಸಿ ಬೀಳುತ್ತದೆ. ಎದುರು ಮೂಲೆಗೆ ಇನ್ನೊಂದು ತೂತು ಕೊರೆದರೆ ಸರಾಗ. ಕೊಳವೆ ತುಂಬಿ ಓಡುವ ನೀರು ತನ್ನ ಹಿಂದೆ ಗಾಳಿಯನ್ನು ಎಳೆಯುತ್ತದೆ. ಮಾಡಿನ ಮೇಲೆ ಬಾಯಿ ತೆರೆದ ಗಾಳಿಕೊಳವೆ ಇದ್ದರೆ ಗಾಳಿ ಅಲ್ಲಿಂದ ಬರುತ್ತದೆ. ಇಲ್ಲದಿದ್ದರೆ ಪಕ್ಕದ ಬೇಸಿನ್ನಿನ ಟ್ರ್ಯಾಪಿನ ನೀರನ್ನೇ ಹೀರಿಕೊಂಡು ಬರುತ್ತದೆ. ಆ ಗುಳುಗುಳು ಅದೇ. ಬೇಸಿನ್ನನ್ನು ಗಾಳಿಕೊಳವೆಯಿಂದ ದೂರ ಒಯ್ದಷ್ಟೂ ಈ ಅಪಾಯ ಹೆಚ್ಚು. ಉದ್ದದ ಹೊಸ ಕೊಳವೆಗೆ ಅದರದೇ ಗಾಳಿದಾರಿ ಬೇಕು. ಚಂದ ಕಾಣುವುದಿಲ್ಲವೆಂದು ಗಾಳಿಕೊಳವೆಯನ್ನೇ ಕತ್ತರಿಸಿ ಮುಚ್ಚಿಸುವವರೂ ಇದ್ದಾರೆ!

ಇನ್ನೊಂದು ತಪ್ಪು ಹಳೆಯ ಕೂರುವ ಪಾಯಿಖಾನೆಯನ್ನು ಕಮೋಡ್ ಮಾಡುವಾಗ ಆಗುತ್ತದೆ. ಹಳೆಯದರ ಟ್ರ್ಯಾಪ್ ನೆಲದೊಳಗೆ ಹೂತಿರುತ್ತದೆ. ಹೊಸ ಕಮೋಡಿನ ಟ್ರ್ಯಾಪ್ ಅದರ ಹೊಟ್ಟೆಯಲ್ಲೇ ಇರುತ್ತದೆ. ಹಳೆಯದನ್ನು ಕೀಳದೆ ಹೊಸದನ್ನು ಕೂರಿಸಿದರೆ ಎರಡರ ನಡುವೆ ಗಾಳಿ ಸಿಕ್ಕಿಬಿದ್ದು ಫ್ಲಶ್ ಮಾಡಿದ್ದು ಇಳಿಯುವುದಿಲ್ಲ. ನೆಲ ಅಗೆಯುವ ಖರ್ಚು ಉಳಿಸಲು ಹೋಗಿ ಹೊಸ ಟೈಲ್ಸನ್ನೇ ಒಡೆಸಬೇಕಾಗುತ್ತದೆ.

ಇಳಿಜಾರಿನ ಲೆಕ್ಕವನ್ನೂ ಮರೆಯಬಾರದು. ಮೀಟರಿಗೆ ಎರಡು ಸೆಂಟಿಮೀಟರ್ ಹಿಡಿದರೂ ಕಮೋಡ್ ನಾಲ್ಕು ಮೀಟರ್ ಸರಿದರೆ ಎಂಟು ಸೆಂಟಿಮೀಟರ್ ಬೇಕು. ಅಷ್ಟು ಆಳ ಸಿಗದಿದ್ದಾಗ ಬಚ್ಚಲಿನ ನೆಲ ಎತ್ತರಿಸುತ್ತಾರೆ. ಯಾರ ಮಂಡಿಗಾಗಿ ಈ ಕೆಲಸ ಹಿಡಿದರೋ ಆ ಅಜ್ಜಿಗೇ ಹೊಸ ಮೆಟ್ಟಿಲು!

ಕಮೋಡ್ ಮನೆಯ ಇನ್ನೊಂದು ಮಗ್ಗುಲಿಗೆ ಹೋದರೆ ಹಿಂಗುಗುಂಡಿಯೂ ಆ ಕಡೆಗೇ ಹೋಗುವುದುಂಟು. ಅಲ್ಲಿ ಬಾವಿ ಇದೆಯೇ ನೋಡಬೇಕು. ಭಾರತೀಯ ಮಾನಕ ಹೇಳುವ ಅಂತರ 18 ಮೀಟರ್. ಆಷಾಢದ ಮಳೆಗೆ ಬಾವಿಯ ನೀರು ಕೈಗೆಟಕುವಷ್ಟು ಮೇಲೇರುವ ನಮ್ಮ ಕಡೆ ಇದರಲ್ಲಿ ರಿಯಾಯಿತಿ ಸಲ್ಲದು.

ಬೀಗ ಹಾಕಿದ ಮನೆಗಳ ಕತೆ ಬೇರೆ. ಅಲ್ಲಿ ತಿಂಗಳುಗಟ್ಟಲೆ ಬಳಸದ ಟ್ರ್ಯಾಪಿನ ನೀರು ಆವಿಯಾಗಿರುತ್ತದೆ. ಹೊರಡುವ ಮುನ್ನ ನಹಾನಿಗೆ ಒಂದು ಚೊಂಬು ನೀರು, ಮೇಲೆ ನಾಲ್ಕು ಚಮಚ ತೆಂಗಿನೆಣ್ಣೆ ಸುರಿದರೆ ಆವಿಯಾಗುವುದು ಬಹಳ ನಿಧಾನವಾಗುತ್ತದೆ.

ಕೊಳವೆ ಜೋಡಿಸಿದ ಮೇಲೆ, ಸಿಮೆಂಟು ಹಾಕುವ ಮೊದಲು, ಎರಡು ಬಕೆಟ್ ನೀರನ್ನು ಒಮ್ಮೆಲೇ ಕಮೋಡಿಗೆ ಸುರಿಸಿ, ಬೇಸಿನ್ನಿನ ಬಳಿ ಕಿವಿಗೊಟ್ಟು ನಿಲ್ಲಿ. ಗುಳುಗುಳು ಕೇಳಿಸಿದರೆ ಆ ದಿನ ಟೈಲ್ಸಿನವರನ್ನು ಕರೆಯಬೇಡಿ.